ಶಂಖ ನುಂಗಿದ ಗಾಡಿ

ಅಪಿಯಾ ಪಟ್ಟಣದಲ್ಲಿ ಲುಪೆಸಿನಾ ಎಂದರೆ ಯಾವ ಲುಪೆಸಿನಾ ಎಂದು ಯಾರೂ ಕೇಳುವುದಿಲ್ಲ. ಮನೆಮನೆಯ ಪಾಯಿಖಾನೆ ಗುಂಡಿ ಖಾಲಿ ಮಾಡುವ ಹಸಿರು ಟ್ಯಾಂಕರಿನ ಒಡತಿ ಅವಳು. ವಯಸ್ಸು ನಲವತ್ತೊಂಬತ್ತು, ಗಂಟಲು ಗಟ್ಟಿ, ಕಿವಿಯ ಮೇಲೆ ಸದಾ ಒಂದು ಹೂವು. "ಇಂಥಾ ಕೆಲಸಕ್ಕೆ ಹೂವು ಬೇರೆ ಮುಡ್ಕೊಂಡು ಬರ್ತೀಯಲ್ಲೇ!" ಎಂದು ಯಾರಾದರೂ ಕಿಚಾಯಿಸಿದರೆ, "ನೀವು ಊಟ ಮಾಡೋದು ನಿಲ್ಸಿ, ನಾನು ಹೂವು ಮುಡಿಯೋದು ನಿಲ್ಲಿಸ್ತೀನಿ" ಎನ್ನುತ್ತಾಳೆ. ಅವಳ ಬಾಯಿಗೆ ಸಿಕ್ಕಿ ಗೆದ್ದವರು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

ಗಾಡಿ ಓಡಿಸುವವನು ಅವಳ ಗಂಡ ಪೆನಿಟಿಟೊ. ಹದಿಮೂರು ವರ್ಷ ಈ ದಂಧೆ ನಡೆದದ್ದು ಅವನ ತಲೆಯೊಳಗೇ. ಯಾವ ಮನೆಯ ಗುಂಡಿ ಎಲ್ಲಿದೆ, ಎಷ್ಟು ಆಳ, ಯಾವ ಮನೆಯ ನಾಯಿ ಕಚ್ಚುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. "ಬಿರುಗಾಳಿಗೆ ಬಿದ್ದ ಜೀಗುಜ್ಜೆ ಮರದಿಂದ ಮೂರನೇ ಮನೆ, ಹಂದಿಗೂಡಿನ ಹಿಂದೆ ಏಳು ಹೆಜ್ಜೆ" ಎಂದರೆ ಅವನಿಗೆ ಸಾಕು. ಆ ಮರ ಬಿದ್ದು ಕೊಳೆತು ಎಷ್ಟೋ ವರ್ಷವಾಗಿದ್ದರೂ ಅವನ ಲೆಕ್ಕದಲ್ಲಿ ಅದು ಅಲ್ಲೇ ಇತ್ತು.

ಮೂರು ವರ್ಷದ ಕೆಳಗೆ ಅವನ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು, ಐದು ವಾರ ಆಸ್ಪತ್ರೆ. ಲುಪೆಸಿನಾ ಒಬ್ಬ ಬಾಡಿಗೆ ಡ್ರೈವರನ್ನು ಹಿಡಿದು ಗಾಡಿ ಕಳಿಸಿದಳು. ಗುಂಡಿಯ ಮುಚ್ಚಳ ಹುಲ್ಲಿನಡಿ ಹೂತಿರುತ್ತದೆ; ಎಷ್ಟೋ ಸಲ ಮನೆಯವರಿಗೇ ಅದರ ಗುರುತು ಸಿಗುವುದಿಲ್ಲ. ಆ ಪುಣ್ಯಾತ್ಮ ಒಂದು ಮನೆಯ ಅಂಗಳದಲ್ಲಿ ಸಿಮೆಂಟಿನ ಚಪ್ಪಡಿ ಕಂಡವನೇ, ಸಿಕ್ಕಿತು ಎಂದು ಹಾರೆ ಹಾಕಿದ. ಅದು ಆ ಮನೆಯ ಅಜ್ಜಿಯ ಸಮಾಧಿ. ಮನೆಮಂದಿಯೆಲ್ಲ ಕತ್ತಿ ಹಿಡಿದು ಹೊರಗೆ ಬಂದರು. ಡ್ರೈವರ್ ಟ್ಯಾಂಕರನ್ನು ಅಲ್ಲೇ ಬಿಟ್ಟು ಓಡಿದವನು ಮತ್ತೆ ಸಂಬಳ ಕೇಳುವುದಕ್ಕೂ ಬರಲಿಲ್ಲ. ಲುಪೆಸಿನಾ ಬಸ್ಸು ಹಿಡಿದು ಹೋಗಿ, ಆ ಸಮಾಧಿಯ ಮುಂದೆ ಕೂತು ಕ್ಷಮೆ ಕೇಳಿ, ಗಾಡಿ ಬಿಡಿಸಿಕೊಂಡು, ನೆಟ್ಟಗೆ ಆಸ್ಪತ್ರೆಗೆ ಬಂದಳು.

"ನಿನ್ನ ತಲೇಲಿರೋದನ್ನೆಲ್ಲ ಇವತ್ತೇ ಕಕ್ಕು" ಎಂದು ಗಂಡನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಯಾಕೆ, ನಾನು ಸಾಯ್ತೀನಂತಾ?"

"ಸತ್ರೆ ಆರ್ನೂರು ಗುಂಡೀನೂ ಜೊತೆಗೇ ತಗೊಂಡು ಹೋಗ್ತೀಯ. ಅದೇ ನನ್ನ ಭಯ."

ಸಣ್ಣ ಸಣ್ಣ ಕೆಲಸಗಾರರಿಗಾಗಿ ಮಾಡಿದ ಆ್ಯಪ್ ಒಂದನ್ನು ಅವಳು ಅಷ್ಟರಲ್ಲಿ ಫೋನಿಗೆ ಹಾಕಿಕೊಂಡಿದ್ದಳು. ಯಾರೂ ಕಲಿಸಲಿಲ್ಲ. ಒಲೆಯ ಮೇಲಿಟ್ಟ ಕೋಕೋ ಎರಡು ಸಲ ಸೀದುಹೋಯಿತು, ಅಷ್ಟರಲ್ಲಿ ಕಲಿತುಬಿಟ್ಟಳು. ಗಂಡನ ಮಂಡಿ ನೆಟ್ಟಗಾದ ಮೇಲೆ ಅವನನ್ನು ಕೂರಿಸಿಕೊಂಡು ಊರೂರು ತಿರುಗಿದಳು. ಪ್ರತಿ ಮುಚ್ಚಳದ ಮೇಲೂ ನಿಂತು ಫೋನಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕಿ ಇಟ್ಟಳು. ಆಮೇಲೆ ನೋಡಬೇಕಿತ್ತು ಮಜಾ. ಮೊದಲೆಲ್ಲ ಗುಂಡಿ ಉಕ್ಕಿದ ಮೇಲೆ, ಅದೂ ಮನೆಯಲ್ಲಿ ಬೀಗರು ಬಂದು ಕೂತಿರುವಾಗ, ಜನ ಅಳುದನಿಯಲ್ಲಿ ಫೋನ್ ಮಾಡುತ್ತಿದ್ದರು. ಈಗ ಹಿಂದಿನ ಸಲ ಖಾಲಿ ಮಾಡಿದ ದಿನ ಹಿಡಿದು ಫೋನು ಲೆಕ್ಕ ಹಾಕಿ, ಉಕ್ಕುವುದಕ್ಕೆ ಎರಡು ತಿಂಗಳು ಮುಂಚೆಯೇ ಅವರಿಗೆ ಸಂದೇಶ ಹೋಗುತ್ತದೆ. ಬೆಳಗ್ಗೆ ಪೂರ್ವದ ತುದಿ, ಮಧ್ಯಾಹ್ನ ಪಶ್ಚಿಮದ ತುದಿ, ಮತ್ತೆ ಪೂರ್ವ ಎಂದು ಗಾಡಿ ಸುಮ್ಮಸುಮ್ಮನೆ ಅಲೆಯುವುದು ನಿಂತಿತು. ಅಕ್ಕಪಕ್ಕದ ಮನೆಗಳನ್ನೆಲ್ಲ ಒಂದೇ ದಿನಕ್ಕೆ ಜೋಡಿಸುವ ಕೆಲಸ ಫೋನಿನದು. ದಿನಕ್ಕೆ ಮೂರು ಗುಂಡಿ ಆದರೆ ಹೆಚ್ಚು ಎನ್ನುತ್ತಿದ್ದವರಿಗೆ ಈಗ ಆರು. ವಾರಕ್ಕೆ ಸಾಲುತ್ತಿದ್ದ ಡೀಸೆಲ್ ಹತ್ತು ದಿನ ಬಂತು. ಕೆಲಸ ಮುಗಿದ ಕೂಡಲೇ ಡ್ರೈವರ್ ಒಂದು ಫೋಟೋ ಹೊಡೆದು ಕಳಿಸಬೇಕು. ಕಳಿಸದಿದ್ದರೆ ಫೋನು ಮುಂದಿನ ಮನೆ ತೋರಿಸುವುದೇ ಇಲ್ಲ. "ಗುಂಡಿ ಅರ್ಧ ಬಿಟ್ಟು ಹೋದ್ರು" ಎಂದು ತಗಾದೆ ತೆಗೆಯುವವರ ಬಾಯಿ ಅಲ್ಲಿಗೆ ಮುಚ್ಚಿತು.

ಮುಚ್ಚದೇ ಉಳಿದದ್ದು ಪೆನಿಟಿಟೊನ ಬಾಯಿ ಒಂದೇ. ದಿನಾ ಬೆಳಗ್ಗೆ ಅವನಿಗೂ ಫೋನಿಗೂ ಜಗಳ.

"ಆ ರಸ್ತೇಲಿ ಹೋಗು ಅಂತಿದೆ. ಅಲ್ಲಿ ಸೇತುವೆ ಹತ್ರ ಆಕಳು ಮಲಗಿರ್ತವೆ. ಇದಕ್ಕೇನು ಗೊತ್ತು?"

"ಆಕಳು ಎಬ್ಬಿಸಿ ಹೋಗು."

"ನನ್ನ ಹದಿನಾರು ವರ್ಷದ ಅನುಭವ..."

"ಪೆನಿ, ನೋಡು, ದಿನಾ ಇದೇ ಆಯ್ತು ನಿಂದು. ಫೋನ್ ಹೇಳಿದ್ದಕ್ಕೆ ಎದುರು ಮಾತಾಡ್ಬೇಡ. ಹೋಗು ಅಂದ್ರೆ ಹೋಗು!"

"ಆಯ್ತಮ್ಮಾ. ಇನ್ಮೇಲೆ ನನ್ನ ಬಾಯಿಗೆ ಬೀಗ" ಎಂದ ಅವನು. ಹೇಳಿದ ಹಾಗೇ ನಡೆದುಕೊಂಡ. ಆಗಿದ್ದೆಲ್ಲ ಅನಾಹುತ ಅದರಿಂದಲೇ.

ವೈಮಾಸಿನಾ ಲುಪೆಸಿನಾ ಹುಟ್ಟಿದ ಹಳ್ಳಿ. ಅವಳ ತಾಯಿಯ ಸಮಾಧಿ ಇರುವುದು ಅಲ್ಲಿ, ತವರುಮನೆಯ ಮುಂದೆ. ಅಣ್ಣ ಅಲ್ಲೇ ಇದ್ದಾನೆ. ತುಯಿಯೋಲಾ ಎಂಬ ಮನೆತನದ ಪಟ್ಟದ ಹೆಸರು ಹೊತ್ತವನು. ಹಳ್ಳಿಯ ಮುಖಂಡರ ಸಭೆಯಲ್ಲಿ ಅವನು ಒರಗಿ ಕೂರುವುದಕ್ಕೆ ಒಂದು ಕಂಬವಿದೆ. ಆಗಸ್ಟಿನ ಒಂದು ಗುರುವಾರ ಆ ಹಳ್ಳಿಯ ಮಾತಾತಿಯಾ ಅಜ್ಜನ ಗುಂಡಿಯನ್ನು ಫೋನು ದಿನದ ಆರನೆಯ ಕೆಲಸವಾಗಿ ಜೋಡಿಸಿತು. ಹೊತ್ತು, ಸಂಜೆ ಐದೂ ಐವತ್ತು.

ಫೋನಿಗೆ ದಾರಿ ಗೊತ್ತು, ದೂರ ಗೊತ್ತು. ಸಂಜೆಯ ಪ್ರಾರ್ಥನೆ ಗೊತ್ತಿಲ್ಲ. ವೈಮಾಸಿನಾದಲ್ಲಿ ಆರೂಕಾಲಕ್ಕೆ ಮೊದಲ ಶಂಖ ಊದಿದರೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಪ್ರಾರ್ಥನೆ ಶುರು. ಮೂರನೆಯದು ಊದುವ ತನಕ ರಸ್ತೆಯಲ್ಲಿ ನರಪಿಳ್ಳೆ ಕಾಣಿಸಬಾರದು, ಗಾಡಿಯ ಸದ್ದು ಕೇಳಿಸಬಾರದು. ತಪ್ಪಿದವರಿಗೆ ದಂಡ. ಇಪ್ಪತ್ತು ವರ್ಷದಿಂದ ಪಟ್ಟಣದ ಗಲಾಟೆಯಲ್ಲಿ ಬದುಕುವ ಲುಪೆಸಿನಾಗೆ, ಫೋನಿನಲ್ಲಿ ಕೆಲಸದ ಹೊತ್ತು ಏಳು ಗಂಟೆಯವರೆಗೆ ಎಂದು ತುಂಬಿಸುವಾಗ ಇದು ನೆನಪಿಗೇ ಬರಲಿಲ್ಲ. ಪೆನಿಟಿಟೊ ಮಾತ್ರ ಹದಿನಾರು ವರ್ಷದಲ್ಲಿ ಒಂದು ಸಲವೂ ಐದೂವರೆಯ ಮೇಲೆ ಯಾವ ಹಳ್ಳಿಗೂ ಗಾಡಿ ತಿರುಗಿಸಿದವನಲ್ಲ. ಅದು ಅವನಿಗೆ ಉಸಿರಾಡಿದಷ್ಟು ಸಹಜ, ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಆವತ್ತು ಫೋನಿನ ಪರದೆ ನೋಡಿದ, ಹೆಂಡತಿಯ ಮಾತು ನೆನೆದ, ಹಲ್ಲು ಕಚ್ಚಿಕೊಂಡು ತಿರುಗಿಸಿದ.

ಅಜ್ಜನ ಗುಂಡಿಯಲ್ಲಿ ಕೆಸರು ಗಟ್ಟಿಯಾಗಿತ್ತು. ಅರ್ಧ ಗಂಟೆಯ ಕೆಲಸ ಮುಕ್ಕಾಲು ಗಂಟೆ ದಾಟಿತು. ಪಂಪು ಗುಡುಗುತ್ತಲೇ ಇತ್ತು. ಮನೆಗಳಲ್ಲಿ ಜನ ಚಾಪೆಯ ಮೇಲೆ ಕೂತು ಶಂಖಕ್ಕೆ ಕಾದರು, ಕಾದರು, ಕೇಳಿಸಲೇ ಇಲ್ಲ. ಕೊನೆಗೆ ಪಾದ್ರಿಯೇ ತಮ್ಮ ಮನೆಯಲ್ಲಿ ಹಾಡು ಎತ್ತಿಕೊಂಡರು. ಗಾಳಿ ಬೇರೆ ಸಮುದ್ರದ ಕಡೆಯಿಂದ ನೇರ ಅವರ ಮನೆಯೊಳಕ್ಕೇ ಬೀಸುತ್ತಿತ್ತು. ಪಾಪ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೂಗು ಮುಚ್ಚಿಕೊಂಡೇ ಹಾಡಿದರಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ರಸ್ತೆ ಕಾಯುವ ಗಂಡಸರು ಬಂದು ಟ್ಯಾಂಕರಿನ ಸುತ್ತ ನಿಂತರು.

ಮರುದಿನ ಬೆಳಗ್ಗೆ ಲುಪೆಸಿನಾಗೆ ಹೇಳಿ ಕಳಿಸಿದರು: ಸೋಮವಾರ ಸಭೆ, ಅಲ್ಲಿ ಗಟ್ಟಿಯಾಗಲಿರುವ ತೀರ್ಮಾನ ಇದು. ಪಂಪಿನ ಸದ್ದು ದೇವರ ಶಂಖವನ್ನು ನುಂಗಿದೆ. ಮನೆತನದ ತಲೆ ತುಯಿಯೋಲಾ, ಆದ್ದರಿಂದ ದಂಡ ಅವನ ಮೇಲೆ: ಒಂದು ಹೆಣ್ಣು ಹಂದಿ, ಇಪ್ಪತ್ತು ಪೆಟ್ಟಿಗೆ ಡಬ್ಬಿಮೀನು. ಮತ್ತು ಹಸಿರು ಟ್ಯಾಂಕರ್ ಇನ್ನು ಯಾವತ್ತೂ ವೈಮಾಸಿನಾದ ಗಡಿಯೊಳಗೆ ಚಕ್ರ ಇಡಕೂಡದು.

ಹಂದಿ, ಮೀನು ಹೇಗೋ ಹೊಂದಿಸಬಹುದು. ಲುಪೆಸಿನಾಗೆ ಕಷ್ಟವಾದದ್ದು ಆ ಕೊನೆಯ ಮಾತು. ಆ ಕರಾವಳಿಯ ಹನ್ನೊಂದು ಹಳ್ಳಿಗಳು ವೈಮಾಸಿನಾ ಏನು ಮಾಡುತ್ತದೋ ಅದನ್ನೇ ಮಾಡುತ್ತವೆ. ಅವಳ ಆರುನೂರು ಮನೆಗಳಲ್ಲಿ ಇನ್ನೂರು ಅಲ್ಲೇ ಇದ್ದವು. ಅದೂ ಹೋಗಲಿ. ಗಾಡಿಯನ್ನು ಹೊರಗೆ ಹಾಕಿದ ಊರಿಗೆ ಗಾಡಿಯ ಒಡತಿ ಯಾವ ಮುಖ ಹೊತ್ತು ಹೋಗಬೇಕು? ಅಮ್ಮನ ಸಮಾಧಿಗೆ ಹೂವಿಡುವಾಗ ಅಕ್ಕಪಕ್ಕದ ಮನೆಯವರು ಬೆನ್ನ ಹಿಂದೆ ಏನೆಂದಾರು?

"ಯಾಕೆ ಹೋದೆ?" ಎಂದು ಗಂಡನ ಮೇಲೆ ಹರಿಹಾಯ್ದಳು.

"ಫೋನ್ ಹೇಳ್ತು, ಹೋದೆ."

"ನಿಂಗೆ ಬುದ್ಧಿ ಇಲ್ವಾ?"

"ಇತ್ತು. ಬೀಗ ಹಾಕ್ಸಿದ್ದು ಯಾರು?"

ಲುಪೆಸಿನಾ ಸಿಟ್ಟಿನಲ್ಲಿ ಫೋನು ಎತ್ತಿಕೊಂಡು ಗುರುವಾರದ ಕೆಲಸಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಕೊನೆಯ ಕೆಲಸದ ಫೋಟೋ ಆರೂ ನಲವತ್ತೊಂದಕ್ಕೆ ಹೊಡೆದದ್ದು. ಖಾಲಿ ಗುಂಡಿ, ಪೈಪು, ಪಕ್ಕಕ್ಕಿಟ್ಟ ಮುಚ್ಚಳ. ಅಂಚಿನಲ್ಲಿ ಮಾತಾತಿಯಾ ಅಜ್ಜ ಸೊಂಟ ಬಗ್ಗಿಸಿ, ಬಾಯಿ ತೆರೆದು, ತನ್ನ ಗುಂಡಿಯ ತಳವನ್ನು ಇಣುಕಿ ನೋಡುತ್ತಿದ್ದಾನೆ. ಕಂಕುಳಲ್ಲಿ ಶಂಖ.

ಹಳ್ಳಿಗೆಲ್ಲ ಶಂಖ ಊದುವವನು ಆ ಅಜ್ಜನೇ. ನಲವತ್ತೊಂದು ವರ್ಷದಿಂದ.

"ಪೆನಿ! ಇವನು ಊದೇ ಇಲ್ವಲ್ಲೋ!"

ಪೆನಿಟಿಟೊ ಬಂದು ಕಣ್ಣು ಕಿರಿದು ಮಾಡಿ ನೋಡಿದ. "ಹೌದಲ್ಲ! ಮುಕ್ಕಾಲು ಗಂಟೆನೂ ನನ್ನ ಪಕ್ಕದಲ್ಲೇ ನಿಂತಿದ್ದ ಮಾರಾಯ್ತಿ. ಪೈಪ್ ಒಳಗೆ ಹೇಗೆ ಏರುತ್ತೆ, ಟ್ಯಾಂಕಿಗೆ ಎಷ್ಟು ಹಿಡಿಯುತ್ತೆ, ಕೇಳಿದ್ದೇ ಕೇಳಿದ್ದು. ಮದುವೆ ನೋಡಿದ ಹಾಗೆ ನೋಡ್ತಿದ್ದ."

ಲುಪೆಸಿನಾ ಕುಣಿದಳು. ಗೆದ್ದೆ ಎಂದುಕೊಂಡಳು. ಶನಿವಾರ ಬೆಳಗ್ಗೆ ಮೊದಲ ಬಸ್ಸಿಗೆ ಅಣ್ಣನ ಮನೆಗೆ ಹೋಗಿ ಫೋನನ್ನು ಅವನ ಕೈಗಿಟ್ಟಳು. ತುಯಿಯೋಲಾ ತುಂಬ ಹೊತ್ತು ನೋಡಿ ಮರಳಿ ಕೊಟ್ಟ.

"ಏನು ಮಾಡ್ಲಿ ಅಣ್ಣ? ತೋರಿಸ್ಲಾ?"

"ನೀನು ಹೇಗೆ ಅಂದ್ರೆ ಹಾಗೆ, ತಂಗಿ."

"ನಿಮಗೆ ಸಿಟ್ಟು ಬಂದಿಲ್ವಾ? ನನ್ನಿಂದ ನಿಮ್ಮ ಹಂದಿ ಹೋಗುತ್ತೆ. ನಿಮ್ಮ ಮರ್ಯಾದೆ..."

"ಕೋಕೋ ಕುಡಿ. ಆರುತ್ತೆ."

ನಮ್ಮಲ್ಲಿ ಅಣ್ಣನಾದವನು ತಂಗಿಯ ಮೇಲೆ ದನಿ ಎತ್ತುವ ಹಾಗಿಲ್ಲ. ಅದರಲ್ಲೂ ಪಟ್ಟ ಹೊತ್ತವನು. ಮರ್ಯಾದೆ ಒಳ್ಳೆಯದೇ. ಆದರೆ ಆವತ್ತು ಲುಪೆಸಿನಾಗೆ ಆ ಮರ್ಯಾದೆ ಬೇಡವಾಗಿತ್ತು. ಕಪಾಳಕ್ಕೆ ಹೊಡೆದಂತೆ ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು. ಮಗಳ ಮದುವೆಗೆಂದು ಸಾಕಿದ ಹಂದಿಗೆ ಅಣ್ಣ ತೆಂಗಿನಕಾಯಿ ಒಡೆದು ಹಾಕುತ್ತಿದ್ದುದನ್ನು ನೋಡುತ್ತ ಕೋಕೋ ನುಂಗಿದಳು.

ಹೊರಟವಳು ಮಾತಾತಿಯಾ ಅಜ್ಜನ ಮನೆ ದಾಟಿಯೇ ಬಸ್ಸಿಗೆ ಹೋಗಬೇಕು. ಅಜ್ಜ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಎದ್ದ, ಮತ್ತೆ ಕೂತ.

"ಸೋಮವಾರ ಬರ್ತೀಯಾ ಮಗಳೇ?"

"ಬರ್ತೀನಿ ತಾತ."

"ನಾನೂ ಬರ್ತೀನಿ" ಎಂದ. ಹೆಂಡತಿ ಹೋಗಿ, ಮಕ್ಕಳು ನ್ಯೂಜಿಲೆಂಡ್ ಸೇರಿ, ಆ ಮುದುಕನಿಗೆ ಊರಿನಲ್ಲಿ ಉಳಿದಿದ್ದ ಕೆಲಸ ಆ ಶಂಖವೊಂದೇ. ಅಮ್ಮನನ್ನು ಮಣ್ಣು ಮಾಡಿದ ದಿನ ಈತ ಊದಿದ್ದು ಲುಪೆಸಿನಾಗೆ ನೆನಪಾಯಿತು. ಗೆದ್ದ ಸಂಭ್ರಮ ಅಲ್ಲಿಗೇ ಇಳಿದುಹೋಯಿತು. ಅಯ್ಯೋ ದೇವರೇ, ಇದೆಂಥಾ ಫೋಟೋ ಕೊಟ್ಟೆ ನನ್ನ ಕೈಗೆ ಎಂದು ಬಸ್ಸಿನಲ್ಲಿ ಕೂತು ಗೊಣಗಿದಳು.

ಆದರೆ ಗೊಣಗುತ್ತ ಕೂರುವ ಜಾತಿ ಅವಳದಲ್ಲ. ಫೋಟೋ ಏನೇ ಹೇಳಲಿ, ಆ ಹೊತ್ತಿನಲ್ಲಿ ಗಾಡಿ ಹಳ್ಳಿಯೊಳಗೆ ಇರಲೇಬಾರದಿತ್ತು. ಶಂಖ ಊದಲಿ ಬಿಡಲಿ, ಫೋನಿಗೆ ಹೇಳಬೇಕಾದದ್ದನ್ನು ಅವಳು ಹೇಳಿರಲಿಲ್ಲ. ಮನೆಗೆ ಬಂದವಳೇ ಒಂದೊಂದು ಹಳ್ಳಿಯ ಮಹಿಳಾ ಸಮಿತಿಯ ಯಜಮಾನಿಗೂ ಫೋನ್ ಮಾಡಿದಳು. ನಿಮ್ಮಲ್ಲಿ ಪ್ರಾರ್ಥನೆ ಎಷ್ಟು ಹೊತ್ತಿಗೆ? ಶಂಖವೋ, ಗಂಟೆಯೋ? ಮುಗಿಯೋದು ಯಾವಾಗ? ಒಬ್ಬಳು ಆರು ಅಂದಳು, ಇನ್ನೊಬ್ಬಳು ಆರೂವರೆ, ಮತ್ತೊಬ್ಬಳು "ನಮ್ಮ ಗಂಟೆ ಬಾರಿಸೋನು ಎದ್ದಾಗ" ಅಂದಳು. ಮೂವತ್ತೆಂಟು ಹಳ್ಳಿ ಮುಗಿಯುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಗಂಡನನ್ನೂ ಕರೆದು ಕೂರಿಸಿಕೊಂಡಳು.

"ಪೆನಿ, ಬೀಗ ತೆಗೆ. ನಂಗೆ ಗೊತ್ತಿಲ್ದೇ ಇರೋದು ಇನ್ನೇನೇನಿದೆ, ಹೇಳು."

ಅವನು ಆ ಮಾತಿಗಾಗಿ ಮೂರು ವರ್ಷದಿಂದ ಕಾದಿದ್ದವನಂತೆ ಚಕ್ಕಳಮಕ್ಕಳ ಹಾಕಿ ಕೂತ. "ಮೊದಲು ಆ ಸೇತುವೆ ಹತ್ರದ ಆಕಳು" ಎಂದ.

ಸೋಮವಾರ ಸಭೆ ಸೇರಿತು. ಸುತ್ತಲೂ ತೆರೆದ ದುಂಡು ಮನೆ, ಕಂಬಕ್ಕೊಬ್ಬ ಮುಖಂಡ. ಕಾವಾ ಬೇರಿನ ಪಾನಕ ತುಂಬಿದ ತೆಂಗಿನ ಚಿಪ್ಪು ಒಬ್ಬೊಬ್ಬರ ಕೈಗೆ ಹೋಗಿ ಬಂತು. ಲುಪೆಸಿನಾ ಅಣ್ಣನ ಹಿಂದೆ ಚಾಪೆಯ ಮೇಲೆ, ಮಡಿಲಲ್ಲಿ ಫೋನು. ಪೆನಿಟಿಟೊ ಹೊರಗೆ ಮರದಡಿ. ಮಾತಾತಿಯಾ ಅಜ್ಜ ಕೊನೆಯ ಕಂಬಕ್ಕೆ ಒರಗಿ ತಲೆ ತಗ್ಗಿಸಿ ಕೂತಿದ್ದ. ಸಭೆಯ ಪರವಾಗಿ ಮಾತಾಡುವ ಹಿರಿಯ ಮಾತುಗಾರ, ಗಂಟಲಲ್ಲಿ ಗುಡುಗು ಇಟ್ಟುಕೊಂಡವನು, ತಪ್ಪನ್ನೆಲ್ಲ ಒಂದೊಂದಾಗಿ ಎಣಿಸಿ, ಕೊನೆಗೆ ಅವಳ ಕಡೆ ತಿರುಗಿದ.

"ನೀನು ಈ ಊರಿನ ಮಗಳು, ಅದಕ್ಕೇ ಕೇಳ್ತಿದೀವಿ. ಶಂಖ ಊದಿದ್ದು ನಿಮ್ಮೋರಿಗೆ ಕೇಳಿಸ್ಲಿಲ್ವಾ?"

ಅಜ್ಜನ ಕೈ ಚಾಪೆಯ ಅಂಚನ್ನು ಹಿಡಿದುಕೊಂಡಿತು. ಲುಪೆಸಿನಾಳ ಹೆಬ್ಬೆರಳು ಫೋಟೋದ ಮೇಲೇ ಇತ್ತು. ಒಂದು ಸಲ ಕೈ ಚಾಚಿದ್ದರೆ ಸಾಕಿತ್ತು. ಹಂದಿ ಉಳಿಯುತ್ತಿತ್ತು, ಗಾಡಿ ಉಳಿಯುತ್ತಿತ್ತು, ಅಣ್ಣನ ಮುಖ ಉಳಿಯುತ್ತಿತ್ತು. ಮುದುಕ ಮಾತ್ರ ಆ ಕಂಬದ ಬುಡದಲ್ಲೇ ಮುಗಿದುಹೋಗುತ್ತಿದ್ದ.

"ನಮ್ಮ ಪಂಪಿನ ಸದ್ದಲ್ಲಿ ಯಾವ ಶಂಖ ಕೇಳಿಸುತ್ತೆ ಅಪ್ಪಾಜಿ!" ಎಂದಳು. "ಆ ಹೊತ್ತಲ್ಲಿ ಗಾಡಿ ಅಲ್ಲಿ ಇರಬಾರದಿತ್ತು. ತಪ್ಪು ನನ್ನ ಗಂಡಂದಲ್ಲ, ನಮ್ಮಣ್ಣಂದಂತೂ ಅಲ್ಲ. ಫೋನಿಗೆ ಎಲ್ಲಾ ಕಲಿಸಿದೆ, ಪ್ರಾರ್ಥನೆ ಕಲಿಸ್ಲಿಲ್ಲ. ತಪ್ಪು ನಂದು. ಈಗ ಕಲಿಸಿದೀನಿ."

"ಕಲಿಸಿದೀನಿ ಅಂದ್ರೆ?" ಎಂದ ಮಾತುಗಾರ.

"ನೀವೇ ಪರೀಕ್ಷೆ ಮಾಡಿ. ನಾಳೆ ಸಂಜೆ ಆರೂ ಇಪ್ಪತ್ತಕ್ಕೆ ವೈಮಾಸಿನಾಕ್ಕೆ ಗಾಡಿ ಕರೀರಿ."

ಫೋನು ಅವನ ಕೈಗೆ ಹೋಯಿತು. ಅವಳು ಹೇಳಿಕೊಟ್ಟ ಹಾಗೆ ದಪ್ಪ ಬೆರಳಿನಿಂದ ಒತ್ತಿದ. ಪರದೆ ಕೆಂಪಾಗಿ, ಅವಳೇ ಬರೆದಿಟ್ಟಿದ್ದ ಮಾತು ಮೂಡಿತು: 'ಇದು ಪ್ರಾರ್ಥನೆಯ ಹೊತ್ತು. ಗಾಡಿ ಬರುವುದಿಲ್ಲ. ನೀವೂ ಒಳಗೆ ಹೋಗಿ ಕೂತುಕೊಳ್ಳಿ.'

ಗಟ್ಟಿಯಾಗಿ ಓದಿದ ಮಾತುಗಾರ ಹೊಟ್ಟೆ ಕುಲುಕಿಸಿ ನಕ್ಕ. "ನೋಡ್ರಪ್ಪಾ, ನನ್ನನ್ನೇ ಬೈತದೆ!" ಆರೂ ಇಪ್ಪತ್ತೈದಕ್ಕೆ ಕರೆದ, ಮತ್ತೆ ಬೈಸಿಕೊಂಡ. ಪಕ್ಕದ ಕಂಬದವನು ನನಗೂ ಕೊಡು ಎಂದ. ಫೋನು ಕಾವಾ ಚಿಪ್ಪಿನ ಹಾಗೆ ಸುತ್ತು ಹೊಡೆಯಿತು. ಮುಖಂಡರೆಲ್ಲ ಒಬ್ಬೊಬ್ಬರಾಗಿ ಬೈಸಿಕೊಂಡು ಸಂತೋಷಪಟ್ಟರು. ಮಾತಾತಿಯಾ ಅಜ್ಜನ ಸರದಿ ಬಂದಾಗ ಅವನು ಮುಟ್ಟಲಿಲ್ಲ.

ತೀರ್ಮಾನ ಹೀಗಾಯಿತು: ತಪ್ಪು ತಪ್ಪೇ, ಹಂದಿ, ಮೀನು ಬರಬೇಕು. ಗಾಡಿ ಬರಬಹುದು.

ತುಯಿಯೋಲಾ ತಲೆ ಬಾಗಿಸಿ ಒಪ್ಪಿದ. ತಂಗಿಯ ಕಡೆ ತಿರುಗಿಯೂ ನೋಡದೆ ಹಂದಿ ತರಲು ಮನೆಗೆ ನಡೆದ. ಗೆದ್ದು ಬಂದ ಲುಪೆಸಿನಾ ಆ ಬೆನ್ನನ್ನೇ ನೋಡುತ್ತ ನಿಂತಳು.

ಹೊರಗೆ ಅಜ್ಜ ಅವಳ ಹಿಂದೆಯೇ ಬಂದ.

"ಆವತ್ತು ನಿನ್ನ ಗಂಡ ಫೋಟೋ ಹೊಡೆದ."

"ಹೊಡೀಲೇಬೇಕು ತಾತ. ಕೆಲಸದ ನಿಯಮ."

"ಅದ್ರಲ್ಲಿ ನಾನು..."

"ಗುಂಡಿ ಚೆನ್ನಾಗಿ ಬಂದಿದೆ" ಎಂದಳು ಲುಪೆಸಿನಾ. ಅವನ ಕಣ್ಣೆದುರೇ ಫೋಟೋ ಅಳಿಸಿದಳು. ಮುದುಕ ಅಳುವುದನ್ನು ನೋಡಬಾರದೆಂದು ಸಮುದ್ರದ ಕಡೆ ತಿರುಗಿ ನಿಂತಳು. ಸ್ವಲ್ಪ ಹೊತ್ತಿಗೆ ಅವನು ಮೂಗೊರೆಸಿಕೊಂಡು ಕೇಳಿದ: "ಈ ಫೋನು ನನ್ನನ್ನೂ ಕೂಗುತ್ತಾ? ದಿನಾ ಆರು ಗಂಟೆಗೆ? ಈಚೆಗೆ ಮರೆವು ಜಾಸ್ತಿ ಮಗಳೇ. ಯಾರಿಗೂ ಹೇಳಿಲ್ಲ." ಅಲ್ಲೇ ನಿಂತು ಅವನ ಫೋನಿನ ನಂಬರ್ ಹಾಕಿಕೊಂಡಳು. ಅವಳ ಆರುನೂರು ಮನೆಗಳಲ್ಲಿ ದಿನಾ ಸಂದೇಶ ಹೋಗುವುದು ಆ ಒಬ್ಬನಿಗೆ. ವೈಮಾಸಿನಾದ ಶಂಖ ಈಗ ಒಂದು ನಿಮಿಷ ಆಚೀಚೆ ಆಗುವುದಿಲ್ಲ, ಪಾದ್ರಿ ಎಲ್ಲರಿಗೂ ಹೇಳಿಕೊಂಡು ಹೊಗಳುತ್ತಾರೆ.

ಮಂಗಳವಾರ ಬೆಳಗ್ಗೆ ಅಜ್ಜ ತನ್ನ ಹೆಣ್ಣು ಹಂದಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ತುಯಿಯೋಲಾನ ಗೂಡಿಗೆ ಬಿಟ್ಟನಂತೆ. "ಇದಕ್ಕೆ ತಿನ್ನಿಸಿ ತಿನ್ನಿಸಿ ನಂಗೆ ಸಾಕಾಯ್ತು, ನೀನೇ ಸಾಕ್ಕೋ" ಎಂದನಂತೆ. ತುಯಿಯೋಲಾ ಅದಕ್ಕೊಂದು ತೆಂಗಿನಕಾಯಿ ಒಡೆದು ಹಾಕಿದನಂತೆ.

ಬುಧವಾರ ಹತ್ತು ಗಂಟೆಗೆ ಹಸಿರು ಟ್ಯಾಂಕರ್ ಶಾಲೆಯ ಗುಂಡಿಗೆಂದು ವೈಮಾಸಿನಾದೊಳಗೆ ತಿರುಗಿತು. ಊರವರು ಹೇಗೆ ನೋಡುತ್ತಾರೋ ಎಂದು ಆವತ್ತು ಲುಪೆಸಿನಾ ತಾನೂ ಗಂಡನ ಪಕ್ಕ ಹತ್ತಿ ಕೂತಿದ್ದಳು. ತವರುಮನೆಯ ಮುಂದೆ, ನಡುರಸ್ತೆಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ಅಣ್ಣ ನಿಂತಿದ್ದ. ಪೆನಿಟಿಟೊ ಬ್ರೇಕ್ ಒತ್ತಿದ.

"ಏ ಲುಪೆ!" ಇಡೀ ಬೀದಿಗೆ ಕೇಳುವ ಹಾಗೆ ತುಯಿಯೋಲಾ ಕೂಗಿದ. "ಇಳಿಯೇ ಕೆಳಗೆ! ಊರಿಗೆಲ್ಲ ಎರಡು ತಿಂಗಳು ಮುಂಚೆ ಹೇಳಿ ಕಳಿಸ್ತೀಯ. ನಮ್ಮನೆ ಗುಂಡಿ ಮೊನ್ನೆಯಿಂದ ಉಕ್ತಾ ಇದೆ. ನಿನ್ನತ್ತಿಗೆ ಮೂಗು ಮುಚ್ಕೊಂಡು ಅಡುಗೆ ಮಾಡ್ತಿದಾಳೆ. ನಿನ್ನ ಫೋನಿಗೆ ಅಣ್ಣನ ಮನೆ ಒಂದು ಕಾಣಿಸೋದಿಲ್ವಾ? ನಾಚಿಕೆ ಆಗಲ್ವಾ ನಿಂಗೆ?"

ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದು ನಿಂತರು. ಪಟ್ಟ ಹೊತ್ತ ಮೇಲೆ ಅಣ್ಣ ಅವಳನ್ನು ಬೈದದ್ದು ಇದೇ ಮೊದಲು. ಲುಪೆಸಿನಾ ಗಾಡಿಯಿಂದ ಧುಮುಕಿ, ಕಣ್ಣೊರೆಸಿಕೊಂಡು, ಬಾಯ್ತುಂಬ ನಗುತ್ತ ಗಂಡನಿಗೆ ಕೂಗಿ ಹೇಳಿದಳು: "ಪೆನಿ, ಪೈಪ್ ಇಳ್ಸು!"